ಅಂಗಳದಲ್ಲೇ ನಿಂತ ಎಮ್ಮೆಲ್ಲೆ

ಮರಿಯಣ್ಣ ಮೇಷ್ಟ್ರು ಎರಡು ಸಲ ಗೆದ್ದರು, ನಡುವೆ ಒಂದು ಸಲ ಸೋತರು, ಕೊನೆಗೆ ಟಿಕೆಟ್ಟೇ ಸಿಗಲಿಲ್ಲ. ಹದಿನಾಲ್ಕು ವರ್ಷದ ರಾಜಕೀಯ ಅಂದರೆ ಇಷ್ಟೇ. ಇಷ್ಟಕ್ಕೇ ಮಂಡಿ ಸವೆಸಿಕೊಂಡು, ಸಕ್ಕರೆ ಕಾಯಿಲೆ ಹತ್ತಿಸಿಕೊಂಡು, ಅರಸೀಕೆರೆ ಸ್ಟೇಷನ್ ಹಿಂದಿನ ಮನೆಯಲ್ಲಿ ಕಾಲು ಚಾಚಿ ಕೂತಿದ್ದರು. ಸಾಕಾಗಿ ಹೋಗಿತ್ತು ಅವರಿಗೆ. ಉಳಿದಿದ್ದುದು ಒಂದೇ ಆಸೆ: ತಮ್ಮನ್ನು ನಿಲ್ಲಿಸಿ ಗೆಲ್ಲಿಸಿದವರು ಒಂದು ಸಲವಾದರೂ ತಮ್ಮನ್ನು ಸಮಸಮ ಮನುಷ್ಯನಂತೆ ಕಾಣಬೇಕು.

ಬಸ್ತಿಹಳ್ಳಿ ಕೇರಿಯಲ್ಲಿ ಹುಟ್ಟಿ, ಓದಿ ಮೇಷ್ಟ್ರಾಗಿದ್ದವರನ್ನು ತೊಂಬತ್ತನಾಲ್ಕರಲ್ಲಿ ಮೀಸಲು ಕ್ಷೇತ್ರಕ್ಕೆ ಹುಡುಕಿ ತಂದವರು ಹುಲಿಕೆರೆ ಕಡೆಯ ಜಮೀನ್ದಾರ ಲಕ್ಕಪ್ಪಗೌಡರು. "ನೀನು ನಿಂತ್ಕೊ ಮರಿಯಣ್ಣ, ಗೆಲ್ಸೋದು ನಂಗಿರ್ಲಿ" ಅಂದರು. ಗೆಲ್ಲಿಸಿದರು ಕೂಡ.

ದೊಡ್ಡ ಮನೆಗಳಿಗೆ ಮತ ಕೇಳಲು ಹೋದರೆ ಮೇಷ್ಟ್ರು ಅಂಗಳದಲ್ಲೇ ನಿಂತು ಕೈ ಮುಗಿಯುತ್ತಿದ್ದರು. ಒಳಗೆ ಕರೆಯಬೇಕೋ ಬೇಡವೋ ಎಂಬ ಮುಜುಗರ ಮನೆಯವರಿಗೆ ಯಾಕೆ ಎಂಬುದು ಅವರ ಎಣಿಕೆ. ಗೆದ್ದ ಮೇಲೂ ಅದೇ ಪದ್ಧತಿ. ಕಾರಿನಿಂದ ಇಳಿದು, ಅಂಗಳದಲ್ಲೇ ಕುರ್ಚಿ ಹಾಕಿಸಿಕೊಂಡು ಕಾಫಿ ಕುಡಿದು ಬರುತ್ತಿದ್ದರು. "ನಮ್ಮ ಎಮ್ಮೆಲ್ಲೆ ಬಲು ಸಂಭಾವಿತ ಕಣ್ರೀ" ಎಂದು ಗೌಡರು ಊರೆಲ್ಲ ಹೊಗಳಿಕೊಂಡು ತಿರುಗಿದರು. ಹೊಗಳದೆ ಇನ್ನೇನು ಮಾಡುತ್ತಾರೆ!

ಕೇರಿಗೆ ಹೋಗುವುದು ಎಲ್ಲಕ್ಕಿಂತ ಕೊನೆಗೆ. ನಮ್ಮವರೇ ತಾನೆ, ಎಲ್ಲಿ ಹೋಗುತ್ತಾರೆ ಎಂಬ ಧೈರ್ಯ. ಅಲ್ಲಿ ಅವರ ಚಿಕ್ಕಮ್ಮ ಹನುಮಮ್ಮ ಪ್ರತಿ ಸಲವೂ ಕೋಳಿ ಸಾರು, ಮುದ್ದೆ ಮಾಡಿಟ್ಟುಕೊಂಡು ಕಾಯುತ್ತಿದ್ದಳು. ಕೇರಿಯಲ್ಲಿ ಉಂಡರೆ ಸುದ್ದಿ ದೊಡ್ಡ ಮನೆಗಳಿಗೆ ಮುಟ್ಟುತ್ತದೆ, ಕೇರಿಯ ಎಮ್ಮೆಲ್ಲೆ ಅನ್ನಿಸಿಕೊಳ್ಳಬೇಕಾಗುತ್ತದೆ ಎಂದು ಮೇಷ್ಟ್ರಿಗೆ ಅಳುಕು. "ಹೊಟ್ಟೆ ತುಂಬೈತೆ ಚಿಕ್ಕವ್ವ, ಇನ್ನೊಂದ್ಸಲ ಬತ್ತೀನಿ" ಎಂದು ಬಾಗಿಲಿನಿಂದಲೇ ತಿರುಗುತ್ತಿದ್ದರು.

"ಆ ಇನ್ನೊಂದ್ಸಲ ನಾನು ಸತ್ಮೇಲಾ ಮಗಾ?" ಎಂದು ಹನುಮಮ್ಮ ಒಮ್ಮೆ ಕೇಳಿಯೇಬಿಟ್ಟಳು. ಮೇಷ್ಟ್ರು ನಕ್ಕು ಕಾರು ಹತ್ತಿದರು. ತೊಂಬತ್ತೊಂಬತ್ತರಲ್ಲಿ ಅವರು ಸೋತದ್ದು ಕೇರಿಯ ಬೂತುಗಳಲ್ಲೇ. ಎರಡು ಸಾವಿರದ ನಾಲ್ಕರಲ್ಲಿ ಎದುರಿನವರು ತಮ್ಮತಮ್ಮಲ್ಲೇ ಕಿತ್ತಾಡಿದ್ದರಿಂದ ಹೇಗೋ ದಡ ಸೇರಿದರು. ಹನುಮಮ್ಮ ತೀರಿಕೊಂಡಾಗ ಅಧಿವೇಶನದಲ್ಲಿದ್ದರು, ಮಣ್ಣಿಗೂ ಹೋಗಲಾಗಲಿಲ್ಲ.

ಎರಡು ಸಾವಿರದ ಎಂಟರಲ್ಲಿ ಕ್ಷೇತ್ರದ ಮೀಸಲಾತಿ ಹೋಯಿತು. ಟಿಕೆಟ್ ಲಕ್ಕಪ್ಪಗೌಡರ ಮಗ ಉಮೇಶನಿಗೆ ಸಿಕ್ಕಿತು. ಅದಾದ ವಾರಕ್ಕೇ ಗೌಡರು ಮೇಷ್ಟ್ರ ಮನೆಗೆ ಬಂದರು. ಇಷ್ಟು ವರ್ಷದಲ್ಲಿ ಅದೇ ಮೊದಲು. ಮೇಷ್ಟ್ರು ಗಡಿಬಿಡಿಯಲ್ಲಿ ಹೊರಗೆ ಕುರ್ಚಿ ಹಾಕಲು ಹೋದರೆ, ಗೌಡರು ನೇರ ಒಳಗೇ ನಡೆದರು.

"ಏನಮ್ಮ ಮುನಿಯಮ್ಮ, ಏನ್ ಸಾರು ಇವತ್ತು? ಹಸಿದು ಬಂದಿವ್ನಿ" ಎಂದು ಊಟಕ್ಕೆ ಕೂತೇಬಿಟ್ಟರು. ಮೇಷ್ಟ್ರ ಹೆಂಡತಿ ಮುದ್ದೆ, ಬಸ್ಸಾರು ಬಡಿಸಿದರು. ಗೌಡರು ಕೇಳಿ ಕೇಳಿ ಹಾಕಿಸಿಕೊಂಡು ಉಂಡರು. ಅಯ್ಯೋ, ಇಷ್ಟು ಸಲೀಸಾಗಿತ್ತೇ ಇದು! ಇದನ್ನು ಕಾಣಲು ಜೀವಮಾನವೇ ಬೇಕಾಯಿತಲ್ಲ ಎಂದು ಮೇಷ್ಟ್ರು ಕಣ್ಣು ಒರೆಸಿಕೊಂಡರು.

ಕೈ ತೊಳೆದು ಬಂದ ಗೌಡರು ಮಾತು ತೆಗೆದರು. "ಕೇರಿ ವೋಟೆಲ್ಲ ನಿಮ್ಮ ಕೈಲವೆ ಮೇಷ್ಟ್ರೇ. ನೀವೊಂದು ಮಾತು ಹೇಳ್ಬುಡಿ. ಉಮೇಶ ಗೆದ್ರೆ ಯಾವುದಾದ್ರೂ ನಿಗಮಕ್ಕೆ ನೀವೇ ಅಧ್ಯಕ್ಷರು."

ಮೂಗಿಗೆ ತುಪ್ಪ ಸವರುವುದನ್ನು ಮೇಷ್ಟ್ರು ಬೇಕಾದಷ್ಟು ಕಂಡವರೇ. ಹೂಂ ಅಂದಿದ್ದರೆ ಮುಗಿಯುತ್ತಿತ್ತು, ಚುನಾವಣೆ ಮುಗಿಯುವ ತನಕವಾದರೂ ಈ ಮರ್ಯಾದೆ ಉಳಿಯುತ್ತಿತ್ತು. ಆದರೆ ಮನೆಯಲ್ಲಿ ಉಂಡವರಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಅಲ್ಲಿ ನನ್ನ ಮಾತು ನಡೆಯಲ್ಲ ಗೌಡ್ರೇ" ಅಂದರು. "ನಿಮ್ಮ ಅಂಗಳ ಕಾಯೋದ್ರಲ್ಲಿ ಅವರ ಮನೇಲಿ ನಾನು ಒಂದು ತುತ್ತು ಉಣ್ಣಲಿಲ್ಲ. ನಮ್ಮ ಚಿಕ್ಕವ್ವ ಕಾದೂ ಕಾದೂ ಸತ್ತೋದ್ಲು. ನಾನು ಹೇಳಿದ್ರೆ ಬೀಳೋ ವೋಟೂ ಬೀಳಲ್ಲ."

ಗೌಡರು ಅವರ ಮುಖವನ್ನೇ ನೋಡಿದರು. ಮಾತು ನಿಜವೆಂದು ಖಾತ್ರಿಯಾದ ಮೇಲೆ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು.

"ಥೂ, ಇದನ್ನ ಊಟಕ್ಕೆ ಮುಂಚೆನೇ ಹೇಳೋದಲ್ವೇನ್ಲಾ ಮರಿಯಾ?" ಎಂದು ಚಪ್ಪಲಿ ಮೆಟ್ಟಿದರು.