ಕೊನೆಯ ಕ್ಯಾನು

ಮಳವಳ್ಳಿಯಿಂದ ಬೆಳಕವಾಡಿ ಕಡೆಗೆ ಹೋಗುವ ಬಸ್ಸು ಹತ್ತಿದರೆ ದಾರಿಯಲ್ಲಿ ಸಿಗುವ ಒಂದು ಊರಿನ ಡೈರಿಯಲ್ಲಿ ಕವಿತ ಕೆಲಸಕ್ಕಿದ್ದಾಳೆ. ಊರಿನ ಹೆಸರು ಬೇಡ. ಹೇಳಿದರೆ ಆ ಊರಿನವರು ಜಗಳಕ್ಕೆ ಬರುತ್ತಾರೆ, ಪಕ್ಕದ ಊರಿನವರು ‘ನಮ್ಮಲ್ಲಿ ಹಾಗೆಲ್ಲ ಇಲ್ಲಪ್ಪ’ ಎಂದು ಸುಳ್ಳು ಹೇಳುತ್ತಾರೆ.

ಹುದ್ದೆಯ ಹೆಸರು ಹಾಲು ಪರೀಕ್ಷಕಿ. ಹಾಲಿನ ಡಿಗ್ರಿ, ಫ್ಯಾಟು ನೋಡುವುದಲ್ಲದೆ ಕ್ಯಾನಿಗೆ ಸುರಿಯುವುದು, ನೆಲ ತೊಳೆಯುವುದು, ಸಂಜೆ ಕ್ಯಾನು ತೊಳೆದು ಬೋರಲು ಹಾಕುವುದು, ಎಲ್ಲವೂ ಅವಳ ತಲೆಗೇ. ಆದರೂ ಕವಿತಳಿಗೆ ಆ ಕೆಲಸವೆಂದರೆ ಜೀವ. ಪಿಯುಸಿ ಓದಿ ಮನೆಯಲ್ಲಿ ಕೂತಿದ್ದವಳನ್ನು ಕರೆದು ಕೆಲಸ ಕೊಟ್ಟವರು ಡೈರಿ ಅಧ್ಯಕ್ಷ ಜಯಪ್ರಕಾಶ್. ಅವರ ಎದುರು ಅವಳ ಸ್ವರ ಯಾವಾಗಲೂ ಒಂದು ಮೆಟ್ಟಿಲು ಕೆಳಗೇ ಇರುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಪೇಟೆಯ ಶೀತಲ ಕೇಂದ್ರದಿಂದ ಕ್ಯಾನುಗಳು ವಾಪಸ್ ಬರತೊಡಗಿದವು. ಇಲ್ಲಿ ಸುರಿಯುವಾಗ ಚೆನ್ನಾಗಿದ್ದ ಹಾಲು ಅಲ್ಲಿ ಕುದಿಸಿ ನೋಡಿದರೆ ಒಡೆಯುತ್ತಿತ್ತು. ಅದೇ ಹೊತ್ತಿಗೆ ಮಂಡ್ಯದಲ್ಲಿ ಗುಣಮಟ್ಟ ಸುಧಾರಣೆಯ ತರಬೇತಿ ಅಂತ ಕರೆ ಬಂತು. ಕವಿತ ಹೋದಳು. ಪಾಠ ಮಾಡಿದವರು ರಘುನಂದನ್ ಎಂಬ ಕನ್ನಡಕದ ಮೇಷ್ಟ್ರು. ಹಾಲು ಕೆಟ್ಟಾಗ ಮೊದಲು ಮನುಷ್ಯರನ್ನು ಬೈಯಬೇಡಿ, ಚುಕ್ಕಿ ಇಡಿ ಎಂದರು. ದಿನಾ ಆಗುವುದನ್ನು ಚುಕ್ಕಿ ಚುಕ್ಕಿಯಾಗಿ ಗುರುತು ಮಾಡಿ. ಸಣ್ಣಪುಟ್ಟ ಏರಿಳಿತ ಎಲ್ಲ ಕೆಲಸದಲ್ಲೂ ಇದ್ದದ್ದೇ, ಆ ಮಾಮೂಲು ಏರಿಳಿತದ ಗೆರೆ ದಾಟಿ ಹೋದ ಚುಕ್ಕಿಗೆ ಮಾತ್ರ ಕಾರಣ ಹುಡುಕಿ ಎಂದರು. ಹೋಟೆಲಿನ ಇಡ್ಲಿ, ಬಸ್ಸಿನ ಟೈಮು, ಎಲ್ಲದಕ್ಕೂ ಚುಕ್ಕಿ ಇಟ್ಟು ತೋರಿಸಿದರು. ಕವಿತಳಿಗೆ ಹಬ್ಬದೂಟ ಮಾಡಿದಷ್ಟು ಖುಷಿಯಾಯಿತು.

ಊರಿಗೆ ಬಂದವಳೇ ಡೈರಿಯ ಗೋಡೆಗೆ ದೊಡ್ಡ ಹಾಳೆ ಅಂಟಿಸಿ, ಒಂದೊಂದು ಕ್ಯಾನಿಗೂ ಒಂದೊಂದು ಸಾಲು ಬರೆದು, ವಾಪಸ್ ಬಂದ ಕ್ಯಾನಿಗೆ ಕೆಂಪು ಚುಕ್ಕಿ ಇಡುತ್ತ ಹೋದಳು. ತಿಂಗಳು ಕಳೆಯುವುದರೊಳಗೆ ಕೊನೆಯ ಕ್ಯಾನಿನ ಸಾಲು ಸೀತಾಳೆ ಎದ್ದ ಮೈಯಂತಾಯಿತು. ಉಳಿದ ಸಾಲುಗಳು ಹೆಚ್ಚುಕಮ್ಮಿ ಖಾಲಿ.

ಕೊನೆಯ ಕ್ಯಾನು ತುಂಬುತ್ತಿದ್ದುದು ಊರಾಚೆಯ ಕಾಲೋನಿಯ ಮೂರು ಮನೆಗಳ ಹಾಲಿನಿಂದ. ಊರಿನವರೆಲ್ಲ ಹಾಕಿದ ಮೇಲೆ ಕಾಲೋನಿಯವರು ಹಾಕುತ್ತಿದ್ದರು. ಹಾಗೆಂದು ಯಾರೂ ಬೋರ್ಡು ಹಾಕಿರಲಿಲ್ಲ. ಅಧ್ಯಕ್ಷರ ತಾಯಿ ಹೊಂಬಾಳಮ್ಮ ಮೊದಲು, ಕಾಲೋನಿಯ ಮರಿತಾಯಮ್ಮ ಕೊನೆಗೆ. ಡೈರಿ ಶುರುವಾದಾಗಿನಿಂದ ಸಾಲು ತಾನಾಗಿ ಹಾಗೇ ನಿಲ್ಲುತ್ತಿತ್ತು. ತಾನಾಗಿ ಎಂಬುದು ನಮ್ಮ ಕಡೆ ಬಹಳ ಅನುಕೂಲದ ಮಾತು.

ಜಯಪ್ರಕಾಶ್ ಹಾಳೆಯ ಮುಂದೆ ನಿಂತು ಹೇಳಿದರು, “ನೀನೇ ಬರ್ದಿದ್ದೀಯಲ್ಲಮ್ಮ. ಕೊನೇ ಕ್ಯಾನ್ ಯಾರ್ದು ಅಂತ ಎಲ್ರಿಗೂ ಗೊತ್ತು. ಕಾಲೋನಿ ಹಾಲು ಸ್ವಲ್ಪ ದಿನ ಬ್ಯಾಡ ಬುಡು.”

“ತಗಳೋವಾಗ ಹಾಲು ಚೆನ್ನಾಗೇ ಇರ್ತದೆ ಅಣ್ಣ.”

“ಇರ್ತದೆ ಕಣಮ್ಮ, ಆಮ್ಯಾಕೆ ಒಡೀತದೆ. ಕೊಟ್ಟಿಗೆ ಎಂಗ್ ಮಡೀಕಂಡವ್ರೋ, ಕೈ ತೊಳೀತಾರೋ ಇಲ್ವೋ, ಯಾರ್ ನೋಡವ್ರೆ?”

ಕವಿತ ನೋಡಿದ್ದಳು. ಹೋದ ವರ್ಷ ಅವಳ ಮನೆಯ ಹಸು ಕರು ಹಾಕಲಾರದೆ ಒದ್ದಾಡುವಾಗ ಓಡಿ ಬಂದವಳು ಮರಿತಾಯಮ್ಮ. ಅಷ್ಟು ಗಡಿಬಿಡಿಯಲ್ಲೂ ಮೊದಲು ಸೋಪು ಕೇಳಿ, ಮೊಣಕೈ ದಾಟುವವರೆಗೆ ಉಜ್ಜಿ ತೊಳೆದು, ಆಮೇಲೆ ಕೈ ಹಾಕಿ ಕರು ಎಳೆದಿದ್ದಳು. ಆ ಕೈ ನಾನು ಕಂಡಿದ್ದೇನೆ ಎಂದು ಹೇಳಲು ಒಂದು ಉಸಿರು ಸಾಕಿತ್ತು. ಕವಿತ ತಲೆ ತಗ್ಗಿಸಿಕೊಂಡು ಕ್ಯಾನಿನ ಮುಚ್ಚಳ ಒರೆಸಿದಳು.

ಮರುದಿನ ಮರಿತಾಯಮ್ಮ ಪಾತ್ರೆ ಮುಂದಿಟ್ಟಾಗ ಕವಿತ, “ಅಧ್ಯಕ್ಷರು ಸ್ವಲ್ಪ ದಿನ ಬ್ಯಾಡ ಅಂದವ್ರೆ ಮರಿತಾಯಮ್ಮ,” ಎಂದು ಮಾತನ್ನು ಅಧ್ಯಕ್ಷರ ಕೊರಳಿಗೆ ಕಟ್ಟಿದಳು. ಮರಿತಾಯಮ್ಮ ಗೋಡೆಯ ಹಾಳೆ ನೋಡಿದಳು.

“ಆ ಕೆಂಪು ಚುಕ್ಕಿಯೆಲ್ಲಾ ನಂದಾ ಕವಿತವ್ವ?”

“ನಿಂದಲ್ಲ, ಕ್ಯಾನಿಂದು.”

“ಅಂಗಾದ್ರೆ ಕ್ಯಾನ್ನ ಮನೆಗೆ ಕಳ್ಸು,” ಎಂದು ನಕ್ಕಳು. ನಕ್ಕವಳು ತುಂಬಿದ ಪಾತ್ರೆ ಎತ್ತಿಕೊಂಡು ಬಂದ ದಾರಿಯಲ್ಲೇ ಹೋದಳು. ಅವಳ ಹಿಂದೆ ಉಳಿದೆರಡು ಮನೆಯವರೂ ಹೋದರು. ವಾರದೊಳಗೆ ಮಾತು ಮಳವಳ್ಳಿ ಮುಟ್ಟಿತು. ಮರಿತಾಯಮ್ಮನಿಂದ ಮೊಸರು ಕೊಳ್ಳುತ್ತಿದ್ದ ಹೋಟೆಲಿನವನು ಬೇಡ ಎಂದ. ಒಡೆಯುವ ಹಾಲಿನವಳು ಎಂದು ಅವಳಿಗೊಂದು ಹೆಸರೂ ಆಯಿತು.

ಡೈರಿಗೆ ಮಾತ್ರ ಒಂದು ಕ್ಯಾನೂ ವಾಪಸ್ ಬರಲಿಲ್ಲ. “ನೋಡ್ದಾ?” ಎಂದರು ಜಯಪ್ರಕಾಶ್. ಕವಿತ ನೋಡಿದಳು. ಕಾಲೋನಿಯ ಹಾಲಿಲ್ಲದ ಮೇಲೆ ಕೊನೆಯ ಕ್ಯಾನೇ ಬೇಕಾಗಿರಲಿಲ್ಲ. ಅದು ಮೂಲೆಯಲ್ಲಿ ಬೋರಲು ಬಿದ್ದಿತ್ತು.

ಒಂದು ಸಂಜೆ ಕ್ಯಾನು ತೊಳೆಯುತ್ತಿದ್ದಾಗ ಅವಳ ಕೈ ನಿಂತುಹೋಯಿತು. ಡೈರಿಯ ಹಿಂದೆ ತೆಂಗಿನ ಗರಿಯ ಉರಿಯಲ್ಲಿ ಹಂಡೆ ನೀರು ಕಾಯುತ್ತದೆ. ಇವತ್ತು ನೀರು ಎಲ್ಲ ಕ್ಯಾನಿಗೂ ಸಾಲುತ್ತಿದೆ. ಮೊದಲು ಸಾಲುತ್ತಿರಲಿಲ್ಲ. ಕೊನೆಯ ಕ್ಯಾನಿನ ಸರದಿ ಬರುವಾಗ ಹಂಡೆಯ ತಳ ಕಾಣುತ್ತಿತ್ತು. ಅವಳು ನಲ್ಲಿಯ ತಣ್ಣೀರು ಬೆರೆಸಿ, ನಾಲ್ಕು ಸಲ ಕುಲುಕಿ, ಮನೆಗೆ ಓಡುತ್ತಿದ್ದಳು. ಕೊಳೆ ಇದ್ದದ್ದು ಕ್ಯಾನಿನಲ್ಲಿ, ಆ ಕ್ಯಾನು ತೊಳೆದದ್ದು ಅವಳು. ಅಲ್ಲೇ ಒದ್ದೆ ನೆಲದ ಮೇಲೆ ಕೂತಳು.

ಅಧ್ಯಕ್ಷರಿಗೆ ಹೇಳುವ ಧೈರ್ಯ ಸಾಲದೆ ರಘುನಂದನ್ ಅವರಿಗೆ ಫೋನು ಮಾಡಿದಳು. ಅವರು ಸಮಾಧಾನದಿಂದ ಕೇಳಿ, “ಎರಡು ಸಂಗತಿ ಜೊತೆಜೊತೆಗೇ ಬರ್ತಾ ಇವೆ ಮೇಡಂ, ಒಂದನ್ನ ಬೇರೆ ಮಾಡಿ ನೋಡಬೇಕು. ಕ್ಯಾನ್ ಹಾಗೇ ಇಟ್ಟು ಹಾಲು ಹಾಕೋರ ಸಾಲು ಬದಲಾಯಿಸಿ. ಇಲ್ಲ, ಸಾಲು ಹಾಗೇ ಇಟ್ಟು ಕ್ಯಾನ್ ಬದಲಾಯಿಸಿ. ಯಾವುದು ಸುಲಭವೋ ಅದು,” ಎಂದರು.

“ಕ್ಯಾನೇ ಸುಲಭ ಸಾರ್,” ಎಂದಳು ಕವಿತ. ಯೋಚನೆ ಮಾಡಲು ಒಂದು ಗಳಿಗೆಯೂ ಬೇಕಾಗಲಿಲ್ಲ.

ತರಬೇತಿಯವರು ಇನ್ನೊಮ್ಮೆ ನೋಡಬೇಕಂತೆ ಎಂದು ಅಧ್ಯಕ್ಷರನ್ನು ಒಪ್ಪಿಸಿ ಕಾಲೋನಿಯವರನ್ನು ಕರೆಸಿದಳು. ಸಂಜೆ ಎಂದಿನಂತೆ ತೊಳೆದಳು, ಕೊನೆಯ ಕ್ಯಾನಿಗೆ ಎಂದಿನಂತೆ ತಣ್ಣೀರು. ಬೆಳಗ್ಗೆ ಮಾತ್ರ ಅದನ್ನು ತಂದು ಮೊದಲಿಟ್ಟಳು. ಹೊಂಬಾಳಮ್ಮನ ಹಾಲು ಅದರೊಳಗೆ ಬಿತ್ತು. ಮರಿತಾಯಮ್ಮನ ಹಾಲು ಬಿಸಿನೀರು ಕಂಡ ಕ್ಯಾನಿಗೆ. ಮಧ್ಯಾಹ್ನ ವಾಪಸ್ ಬಂದದ್ದು ಅಧ್ಯಕ್ಷರ ಮನೆಯ ಹಾಲು. ಮತ್ತೆರಡು ದಿನ ನೋಡಿದಳು, ಹಾಗೇ ಆಯಿತು.

ಹೊಂಬಾಳಮ್ಮನ ಕೊಟ್ಟಿಗೆಯ ಮಾತು ಯಾರ ಬಾಯಿಂದಲೂ ಹೊರಡಲಿಲ್ಲ. ಜಯಪ್ರಕಾಶ್ ಮೊದಲ ಸಲವೇ, “ಕ್ಯಾನ್ ಸರ್ಯಾಗ್ ತೊಳ್ದಿದ್ದೀಯೇನಮ್ಮ?” ಎಂದರು. ತಿಂಗಳೆಲ್ಲ ಯಾರಿಗೂ ಹೊಳೆಯದ ಪ್ರಶ್ನೆ ಆ ಮಧ್ಯಾಹ್ನ ಎಷ್ಟು ಬೇಗ ಹೊಳೆಯಿತು ನೋಡಿ. ಬಿಸಿನೀರು ಸಾಲುವುದಿಲ್ಲ ಎಂದು ಕವಿತ ಹಂಡೆಯ ಮೇಲೆ ಹೇಳಿದಳು, ತನ್ನ ಮೇಲೆ ಹೇಳಿಕೊಳ್ಳಲಿಲ್ಲ. ಇನ್ನೊಂದು ಹಂಡೆ ಬಂತು. ಕೆಂಪು ಚುಕ್ಕಿ ನಿಂತಿತು.

ಮಂಡ್ಯಕ್ಕೆ ಕರೆಸಿ ಶಾಲು ಹೊದಿಸಿದರು. ಎಲ್ಲ ಬಿಟ್ಟು ಕ್ಯಾನೊಂದನ್ನೇ ಬದಲಾಯಿಸಿದ್ದೇ ಜಾಣತನ ಎಂದು ರಘುನಂದನ್ ಹೊಗಳಿದರು. ಚಪ್ಪಾಳೆ ಬೀಳುವಾಗ ಕವಿತಳಿಗೆ ಖುಷಿಯೂ ಆಯಿತು, ಮುಳ್ಳು ಚುಚ್ಚಿದಂತೆಯೂ ಆಯಿತು. ಮುಳ್ಳು ಕಿತ್ತು ಹಾಕಬೇಕೆಂದೇ ಅವತ್ತು ಸಂಜೆ ಮರಿತಾಯಮ್ಮನ ಮನೆಗೆ ಹೋಗಿ, ಜಗಲಿಯ ಮೇಲೆ ಕೂತು, ಹಂಡೆಯಿಂದ ಹಿಡಿದು ಎಲ್ಲ ಹೇಳಿದಳು. ತಣ್ಣೀರು ಹಾಕಿದ್ದು ನಾನೇ ಎಂಬುದನ್ನೂ ಹೇಳಿದಳು.

ಮರಿತಾಯಮ್ಮ ಬೈಯಲಿಲ್ಲ. ಹಸುವಿನ ಮುಂದೆ ಹುಲ್ಲು ಉದುರಿಸುತ್ತ ಕೇಳಿದಳು, “ಅಷ್ಟು ತೂಕದ ಕ್ಯಾನ್ ಯಾಕವ್ವ ಎಳ್ದಾಡ್ದೆ? ನನ್ನೇ ಒಂದಿನ ಮುಂದಕ್ ಕರ್ದಿದ್ರೂ ಗೊತ್ತಾಗ್ತಿತ್ತಲ್ಲ?”

ಕವಿತ ಜಗಲಿಯಿಂದ ಎದ್ದಳು. ಮೇಷ್ಟ್ರು ಹೇಳಿದ ಎರಡು ದಾರಿಯಲ್ಲಿ ಅದೂ ಒಂದಾಗಿತ್ತು. ಆ ರಾತ್ರಿ ಊಟ ಸೇರಲಿಲ್ಲ.

ಬೆಳಗ್ಗೆ ಡೈರಿಯ ಬಾಗಿಲಲ್ಲಿ ಸಾಲು ಎಂದಿನಂತೆ ತಾನಾಗಿ ನಿಂತಿತ್ತು. ಹೊಂಬಾಳಮ್ಮ ಪಾತ್ರೆ ಎತ್ತಿ ಹಲಗೆಯ ಮೇಲಿಡುವಷ್ಟರಲ್ಲಿ ಕವಿತ, “ವಸಿ ತಡೀರಿ ದೊಡ್ಡವ್ವ,” ಎಂದಳು. ಸಾಲಿನ ಕೊನೆಗೆ ಕೇಳುವಂತೆ, “ಮರಿತಾಯಮ್ಮ, ಮುಂದಕ್ ಬನ್ನಿ,” ಎಂದು ಕರೆದಳು. ಮೊದಲ ಸಲ ಅವಳಿಗೆ ಬಹುವಚನ ಹಚ್ಚಿದ್ದಳು.

ಎಲ್ಲರೂ ಹಿಂದಕ್ಕೆ ತಿರುಗಿದರು. ಮರಿತಾಯಮ್ಮ ಪಾತ್ರೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡಳು, ಕಾಲು ಮಾತ್ರ ಕದಲಿಸಲಿಲ್ಲ.

“ಈಗ್ಯಾಕೆ ಕವಿತವ್ವ?” ಎಂದಳು. “ಈಗ ಹಾಲೇನೂ ಒಡೀತಿಲ್ವಲ್ಲ.”

ಹೊಂಬಾಳಮ್ಮ ಪಾತ್ರೆ ಮುಂದಕ್ಕೆ ತಳ್ಳಿದರು. ಕವಿತ ಅದನ್ನು ತೆಗೆದುಕೊಂಡು, ಡಿಗ್ರಿ ನೋಡಿ, ಮೊದಲ ಕ್ಯಾನಿಗೆ ಸುರಿದಳು.