ಕಮಾನಿನ ಕಲ್ಲಿಗೊಂದು ಕಾಯಿ

ದಕ್ಷಿಣ ಮುಂಬೈಯ ಹಳೆಯ ಕೆಥೆಡ್ರಲ್‌ನ ಚೂಪು ಕಮಾನುಗಳನ್ನು ನೋಡಲು ಶುಕ್ರವಾರ ಬೆಳಿಗ್ಗೆ ಹೋದೆ. ಹೆಬ್ಬಾಗಿಲ ಕಮಾನಿನ ನೆತ್ತಿಕಲ್ಲು ಬಿರುಕು ಬಿಟ್ಟಿದ್ದರಿಂದ ಹೊಸದನ್ನು ಕೆತ್ತಿ ಕೆಳಗೆ ಸಿದ್ಧವಾಗಿ ಇಟ್ಟಿದ್ದರು. ಕೆತ್ತಿದ ಯಮನಪ್ಪ ವಿಜಯಪುರದ ಕಡೆಯವನು. ಕೈಕಟ್ಟಿ ನಿಂತಿದ್ದ.

“ಕಾಯಿ ಒಡೀಲಾರದ ನೆತ್ತಿಕಲ್ಲು ಎತ್ತಂಗಿಲ್ರಿ. ನಮ್ಮಪ್ಪನೂ ಎತ್ತಿಲ್ಲ.”

ಚರ್ಚಿನ ಉಸ್ತುವಾರಿ, ಮಂಗಳೂರಿನ ಸಿರಿಲ್ ಬಾಬ್, ಬೆವರೊರೆಸಿಕೊಂಡರು. “ಇದು ದೇವಸ್ಥಾನ ಅಲ್ಲ ಮಾರಾಯಾ! ನಾಡಿದ್ದು ನನ್ನ ಮಗಳ ಮದುವೆ, ಇದೇ ಬಾಗಿಲಲ್ಲಿ ಬರಬೇಕು ಅವಳು.”

“ಒಳಗ ದೇವ್ರು ಇಲ್ಲೇನ್ರಿ?”

ಇಲ್ಲ ಎನ್ನುವುದು ಸಿರಿಲ್ ಬಾಬ್ ಅವರ ಹುದ್ದೆಗೆ ಶೋಭಿಸುವ ಉತ್ತರವಲ್ಲ. ಬಣ್ಣದ ಗಾಜಿನ ಸಂತರನ್ನೊಮ್ಮೆ ನೋಡಿ, ಹೊರಗಿನ ಮೆಟ್ಟಿಲ ಮೇಲೆ ಒಡೆಯಲು ಮಾತ್ರ ಅನುಮತಿ ದಯಪಾಲಿಸಿದರು. ಕಾಯಿ ತರುವ ಪುಣ್ಯಕಾರ್ಯ, ಕೆಲಸವಿಲ್ಲದೆ ನಿಂತಿದ್ದ ಪ್ರವಾಸಿಯಾದ ನನ್ನ ಪಾಲಿಗೆ ಬಂತು.

ಯಮನಪ್ಪ ಕಾಯಿ ಒಡೆದ. ಸಿರಿಲ್ ಬಾಬ್ ಶಿಲುಬೆಯ ಗುರುತು ಹಾಕಿಕೊಂಡರು. ಕಲ್ಲು ಹಗ್ಗದಲ್ಲಿ ಮೇಲೇರಿ ಗಾರೆಯಲ್ಲಿ ಮೆಲ್ಲಗೆ ಕೂತಿತು. ಯಮನಪ್ಪ ಸುತ್ತಿಗೆಯಿಂದ ತಟ್ಟಿ, ಕಿವಿಗೊಟ್ಟು, ತಲೆದೂಗಿದ.

ಸಿರಿಲ್ ಬಾಬ್ ಬಹಳ ಹೊತ್ತು ಕಮಾನನ್ನೇ ನೋಡಿದರು. ಆಮೇಲೆ ಬಗ್ಗಿ, ಕಾಯಿಯ ದೊಡ್ಡ ಹೋಳನ್ನೇ ಆರಿಸಿ ಎತ್ತಿಕೊಂಡರು.

“ಇದು ನನಗಿರಲಿ ಮಾರಾಯಾ. ಇವತ್ತು ಶುಕ್ರವಾರ, ನಮಗೆ ಮಾಂಸ ಆಗುವುದಿಲ್ಲ; ಮನೆ ತುಂಬ ನೆಂಟರು. ಮೀನು ಸಾರಿಗೆ ಕಾಯಿ ಸಾಲುವುದಿಲ್ಲ.”