ದನಿ ಕಳೆದ ರಿವಾಯತ ಪದ

ತಿಳವಳ್ಳಿ ಬಸ್ ಸ್ಟ್ಯಾಂಡಿನ ಮಗ್ಗುಲಲ್ಲಿ ಟೇಲರ್ ಅಂಗಡಿ ಇಟ್ಟಿರುವ ರಮೀಜನಿಗೆ ಹೊಲಿಯುವುದು ಹೊಟ್ಟೆಪಾಡು, ವಿಡಿಯೊ ಮಾಡುವುದು ಹುಚ್ಚು. ಮೊಹರಂ ಬಂತೆಂದರೆ ಕತ್ತರಿ ಬದಿಗಿಟ್ಟು ಹಾನಗಲ್ಲು, ಸವಣೂರು ಸೀಮೆಯ ಹಳ್ಳಿಗಳನ್ನೆಲ್ಲ ಸುತ್ತುತ್ತಿದ್ದ. ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಗೆಜ್ಜೆ ಕಟ್ಟಿ ಹಾಡುವ ರಿವಾಯತ ಪದಗಳನ್ನು ಮೊಬೈಲಿನಲ್ಲಿ ಹಿಡಿದು ತನ್ನ ಚಾನೆಲ್ಲಿಗೆ ಹಾಕುತ್ತಿದ್ದ. ನೋಡುವವರು ಬೆರಳೆಣಿಕೆಯಷ್ಟು ಮಂದಿ. ಆದರೂ ಬಿಡಲಿಲ್ಲ ಪುಣ್ಯಾತ್ಮ.

ಅವನ ಜೀವವೆಲ್ಲ ಇದ್ದದ್ದು ಚಾನೆಲ್ಲಿನ ಒಂದೇ ವಿಡಿಯೊದಲ್ಲಿ. ಅಪ್ಪ ಶೇಖಸಾಬ ತೀರಿಕೊಳ್ಳುವ ಮುಂಚೆ ಕೊನೆಯ ಸಲ ಹಾಡಿದ ಪದ ಅದು. ಅದನ್ನು ಹಿಡಿದ ಮೊಬೈಲು ಎಂದೋ ಕೆಟ್ಟುಹೋಗಿತ್ತು. ಅಪ್ಪನ ದನಿ ಬೇರೆಲ್ಲೂ ಉಳಿದಿರಲಿಲ್ಲ. ತಾಯಿ ಮಾಬೂಬಿ ರೊಟ್ಟಿ ಬಡಿಯುವಾಗ ದಿನಾ ಅದನ್ನೇ ಹಚ್ಚಿಸಿಕೊಂಡು ಕೇಳುತ್ತಿದ್ದಳು.

ಈ ವರ್ಷ ಯಾವುದೋ ಆಡಿಯೊ ಕಂಪನಿ ಅದೇ ಪದವನ್ನು ಬೇರೊಬ್ಬನಿಂದ ಹಾಡಿಸಿ ಬಿಡುಗಡೆ ಮಾಡಿತು. ಅಷ್ಟಕ್ಕೇ ಸುಮ್ಮನಾಗದೆ, ಪದ ತನ್ನದೆಂದು ರಮೀಜನ ವಿಡಿಯೊದ ಮೇಲೆ ಕಾಪಿರೈಟ್ ಕ್ಲೇಮು ಹಾಕಿತು. ಊರ ಅಲಾಯಿ ಮುಂದೆ ತಲೆಮಾರುಗಳಿಂದ ಹಾಡುವ ಪದಕ್ಕೆ ಎಲ್ಲಿಂದಲೋ ಬಂದವರು ಮಾಲಕರಾದರು. ತಕರಾರು ಇದ್ದರೆ ಹೇಳಿ ಎಂದು ಮೊಬೈಲಿನ ಪರದೆ ಕೇಳಿತು: ಈ ಹಾಡು ನಿಮ್ಮದೇ?

ರಮೀಜ ಎಡವಿದ್ದು ಇಲ್ಲೇ. ಶೇಖಸಾಬ ಹಾಡುವ ಮುಂಚೆ ಎರಡೂ ಕಿವಿ ಮುಟ್ಟಿಕೊಂಡು, "ಪದ ನಮ್ಮದಲ್ಲರಿ, ಗುರುವಿಂದು" ಎಂದೇ ಶುರು ಮಾಡುತ್ತಿದ್ದ. ನನ್ನದು ಎಂದು ಯಾವನಾದರೂ ಎದೆ ತಟ್ಟಿಕೊಂಡರೆ ಮೇಳದವರು ಅವನ ಮುಖ ನೋಡುತ್ತಿರಲಿಲ್ಲ. ಆ ನಡೆಯಲ್ಲೇ ಬೆಳೆದ ರಮೀಜ ತಾನೂ ಕಿವಿ ಮುಟ್ಟಿಕೊಂಡು, ಪದ ನಮ್ಮದಲ್ಲ, ನಮ್ಮ ಗುರುವಿನದು ಎಂದು ಬರೆದು ಕಳಿಸಿದ. ಖರೆ ಹೇಳಿದವನಿಗೆ ಅನ್ಯಾಯವಾಗದು ಎಂದು ನಂಬಿದ್ದ, ಪಾಪ.

ನಿಮ್ಮದಲ್ಲವೆಂದು ನೀವೇ ಒಪ್ಪಿದ್ದೀರಿ ಎಂಬ ಉತ್ತರ ಬಂತು. ವಿಡಿಯೊದ ದನಿ ತೆಗೆದುಹಾಕಿದ್ದರು. ರಮೀಜ ಮತ್ತೆ ಬರೆದ, ಬೇಡಿಕೊಂಡ, ಕೊನೆಗೆ ಬೈದ. ಆ ಕಡೆ ಮನುಷ್ಯರಿದ್ದಾರೋ ಇಲ್ಲವೋ ಅದೇ ತಿಳಿಯಲಿಲ್ಲ. ಅಪ್ಪನಿಗೆ ಹಿಮ್ಮೇಳ ಹಾಡುತ್ತಿದ್ದ ಆಡೂರಿನ ಲಕ್ಷ್ಮಪ್ಪನಿಗೆ ಫೋನು ಹಚ್ಚಿದ.

"ಕಾಕಾ, ಅಪ್ಪನ ಹಾಡು ನಿಮ್ಮ ಕಡೆ ಯಾರ ಹತ್ರರ ಅದಾವೇನ್ರಿ?"

"ಇಲ್ಲಪಾ. ನಿನ್ನ ಚಾನೆಲ್‌ನ್ಯಾಗ ಐತಲ್ಲ ಅಂತ ನಾವು ಯಾರೂ ಹಿಡಕೊಂಡಿಲ್ಲ."

ಮರುದಿನ ಒಲೆಯ ಮುಂದೆ ಕುಳಿತ ಮಾಬೂಬಿ ಎಂದಿನಂತೆ ಹಾಡು ಹಚ್ಚೆಂದಳು. ಪರದೆಯ ಮೇಲೆ ಶೇಖಸಾಬ ಬಾಯಿ ತೆರೆದ, ಮುಚ್ಚಿದ, ಕೈಯೆತ್ತಿದ. ಏನೂ ಕೇಳಲಿಲ್ಲ. ರಮೀಜ ತಡೆಯಲಾರದೆ ಎಲ್ಲವನ್ನೂ ಹೇಳಿ ಅತ್ತುಬಿಟ್ಟ.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಪದ ಗುರುವಿಂದು ಅಂದಿ, ಖರೇನ ಅಂದಿ ಬಿಡು. ದನಿ ಯಾರದು ಅಂತ ಕೇಳಲಿಲ್ಲೇನು ಅವರು?"

ಅವರು ಕೇಳಿರಲಿಲ್ಲ. ಅದನ್ನು ಬರೆಯಬೇಕೆಂದು ರಮೀಜನಿಗೂ ಹೊಳೆದಿರಲಿಲ್ಲ.